ಮನೆ ಸಾಲದ ನೋಟಿಸ್ ಬಂದರೆ: ಹರಾಜಿಗೆ ಮುಂಚೆ ಮಾಲೀಕ, ಬಾಡಿಗೆದಾರ, ಓಣಿಯವರು ಮಾಡಬೇಕಾದ ಕೆಲಸ

ಬ್ಯಾಂಕಿನವರು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿದ ದಿನ ಓಣಿಗೆಲ್ಲ ವಿಷಯ ಗೊತ್ತಾಗುತ್ತದೆ. ಆದರೆ ಆ ಹಾಳೆ ಬಾಗಿಲಿಗೆ ಬರುವ ಹೊತ್ತಿಗೆ ಕಡಿಮೆಯೆಂದರೂ ಐದು ತಿಂಗಳು ಕಳೆದಿರುತ್ತವೆ. ಕಂತು ತಪ್ಪಿದ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗಲು 90 ದಿನ, ಆಮೇಲೆ ಬೇಡಿಕೆ ನೋಟಿಸಿನ 60 ದಿನ. ಮನೆ ಉಳಿಸಿಕೊಳ್ಳಲು ಆಗುವುದು ಬಹುಪಾಲು ಈ ಐದು ತಿಂಗಳಲ್ಲೇ. ಅಲ್ಲಿಂದ ಮುಂದೆ ಖರ್ಚು ಏರುತ್ತ ಹೋಗುತ್ತದೆ, ದಾರಿಗಳು ಕಡಿಮೆಯಾಗುತ್ತವೆ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕಂತು ತಪ್ಪುವುದಕ್ಕೆ ಸೋಮಾರಿತನ ಕಾರಣವಾಗಿರುವುದು ಅಪರೂಪ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಕೈಗೆ ದುಡ್ಡು ಬರುವುದು ಭತ್ತ ಮಾರಿದಾಗ. ಬ್ಯಾಂಕ್ ಕೇಳುವುದು ತಿಂಗಳು ತಿಂಗಳು. ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ, ಆರ್ಡರ್ ಇಲ್ಲದ ತಿಂಗಳು ಅದೂ ಇಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಲಾರಿ, ಗ್ಯಾರೇಜು, ಖಾನಾವಳಿ ಎಲ್ಲದರ ದುಡಿಮೆಗೂ ಒಟ್ಟಿಗೇ ಪೆಟ್ಟು ಬಿತ್ತು. ಒಂದೇ ಕಸುಬು ನೆಚ್ಚಿದ ಊರಿನ ತೊಂದರೆ ಇದು: ಸಾಲಗಳು ಒಂದೇ ಹಂಗಾಮಿನಲ್ಲಿ ಕೆಡುತ್ತವೆ, ಮನೆಗಳು ಒಟ್ಟಿಗೇ ಮಾರಾಟಕ್ಕೆ ಬರುತ್ತವೆ, ಕೊಳ್ಳಬೇಕಾದವರ ಕೈಯೂ ಆಗಲೇ ಬರಿದಾಗಿರುತ್ತದೆ. ಬೆಲೆ ಬೀಳುವುದು ಅದಕ್ಕೇ.

ಮೊದಲ 90 ದಿನ

ಲೆಕ್ಕದಿಂದ ಶುರು ಮಾಡಿ. 15 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 13,500 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 11,250 ಬಡ್ಡಿಗೇ ಹೋಗುತ್ತದೆ. ಬಡ್ಡಿ ಶೇ 10ಕ್ಕೆ ಏರಿ ಕಂತು ಮಾತ್ರ ಹಾಗೇ ಇದ್ದರೆ, 240 ತಿಂಗಳಿಗೆ ಮುಗಿಯಬೇಕಾದ ಸಾಲ ಹತ್ತಿರಹತ್ತಿರ 314 ತಿಂಗಳಿಗೆ ಹಿಗ್ಗುತ್ತದೆ. ಅವಧಿ ಹಿಗ್ಗಿಸದೆ ಕಂತನ್ನೇ ಏರಿಸಿದರೆ ಅದು ಸುಮಾರು 14,475 ಆಗುತ್ತದೆ. ಎಷ್ಟೋ ಮನೆಗಳಲ್ಲಿ ಕಂತು ಏರಿದ್ದು ಗೊತ್ತಾಗುವುದು ಚೆಕ್ ಬೌನ್ಸ್ ಆದ ಮೇಲೆ. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂದು ಆರಿಸುವ ಅವಕಾಶವನ್ನು ಗ್ರಾಹಕನಿಗೆ ಕೊಡಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಕೇಳಿ ಪಡೆಯಿರಿ.

ಮೂರು ಕಂತು ತಪ್ಪಿದರೆ ಬಾಕಿ 40,500. ಆ ಹಂತದಲ್ಲೂ ಕೂಡಿಸಬಹುದಾದ ಮೊತ್ತ ಅದು. ಬಾಕಿ 90 ದಿನ ದಾಟಿತೆಂದರೆ ಖಾತೆ ಎನ್‌ಪಿಎ. ಆಮೇಲೆ ಒಂದು ಕಂತು ಕಟ್ಟಿ ಬಂದರೆ ಖಾತೆ ಸರಿಯಾಗುವುದಿಲ್ಲ. ತಪ್ಪಿದ ಕಂತುಗಳ ಪೂರ್ತಿ ಬಾಕಿ ತೀರಿದರೆ ಮಾತ್ರ ಮೊದಲಿನ ವರ್ಗಕ್ಕೆ ಮರಳುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಪ್ರತಿ ತಿಂಗಳು ಒಂದಿಷ್ಟು ಕಟ್ಟುತ್ತ, ‘ಕಟ್ಟುತ್ತಿದ್ದೇನಲ್ಲ’ ಎಂದು ನಿಶ್ಚಿಂತೆಯಿಂದ ಇರುತ್ತಾರೆ.

ಎರಡನೇ ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಿ. ದುಡಿಮೆ ಏಕೆ ಕಡಿಮೆಯಾಯಿತು, ಯಾವಾಗ ಸರಿಹೋಗುತ್ತದೆ, ಈಗ ಎಷ್ಟು ಕಟ್ಟಬಲ್ಲಿರಿ ಎಂಬ ಮೂರು ಸಂಗತಿ ಸಾಕು. ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ಜೊತೆಗೆ ಪಗಾರದ ಚೀಟಿ, ಎಪಿಎಂಸಿ ಪಟ್ಟಿ ಅಥವಾ ಗುತ್ತಿಗೆದಾರರ ಪತ್ರ ಇಡಿ. ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಮ್ಯಾನೇಜರ್ ಬಾಯಿಮಾತಿನಲ್ಲಿ ‘ನೋಡೋಣ ಬಿಡ್ರಿ’ ಅಂದದ್ದು ಆರು ತಿಂಗಳ ನಂತರ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ಅಷ್ಟರಲ್ಲಿ ಅವರಿಗೆ ವರ್ಗವೂ ಆಗಿರುತ್ತದೆ.

ಸ್ಟೇಟ್‌ಮೆಂಟ್‌ನಲ್ಲಿ ದಂಡದ ಸಾಲು ನೋಡಿ. ಅದು ಶುಲ್ಕವಾಗಿ ಬೇರೆ ಇರಬೇಕು. ಅದನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.

60 ದಿನದ ನೋಟಿಸ್

ಇದು ಸರ್ಫೇಸಿ ಕಾಯ್ದೆ, 2002ರ 13(2)ನೇ ಕಲಮಿನ ನೋಟಿಸ್. ಕೋರ್ಟಿನ ದಾವೆ ಇಲ್ಲದೆ ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ ಇದು. ರಿಜಿಸ್ಟರ್ಡ್ ಟಪಾಲು ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಕಾಲ ನಿಲ್ಲುವುದಿಲ್ಲ. ಬಿಡಿಸಿ ಓದಿ. ಬಾಕಿ ಮೊತ್ತ, ಎನ್‌ಪಿಎ ತಾರೀಖು, ಜಾಮೀನುದಾರರ ಹೆಸರು, ಮನೆಯ ಖಾತಾ ನಂಬರು, ಚಕ್ಕುಬಂದಿ ಇವೆಲ್ಲ ಹೊಂದುತ್ತವೆಯೇ ನೋಡಿ.

ಈ ಕಾಯ್ದೆ ಎಲ್ಲರ ಕೈಗೂ ಬರುವುದಿಲ್ಲ. ಬಾಕಿ ಒಂದು ಲಕ್ಷದೊಳಗಿದ್ದರೆ, ಅಥವಾ ಅಸಲು-ಬಡ್ಡಿಯ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಅನ್ವಯಿಸದು. ಕೃಷಿ ಜಮೀನಿಗೂ ಅನ್ವಯಿಸದು. ಬ್ಯಾಂಕ್, ಗೃಹಸಾಲ ಕಂಪನಿಗಳು ಇದನ್ನು ಬಳಸಬಹುದು; ಬೇರೆ ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳಿಗೆ) 20 ಲಕ್ಷಕ್ಕಿಂತ ಕಡಿಮೆಯ ಸಾಲದಲ್ಲಿ ಈ ದಾರಿ ಇಲ್ಲ. ಇ-ಸ್ವತ್ತು ಸರಿಯಿಲ್ಲದ ನಿವೇಶನಕ್ಕೆ ಬ್ಯಾಂಕ್ ಸಾಲ ಕೊಡಲಿಲ್ಲವೆಂದು ಹೆಚ್ಚಿನ ಬಡ್ಡಿಗೆ ಫೈನಾನ್ಸ್‌ನವರ ಬಳಿ ಹೋದವರು ಇದನ್ನು ನೆನಪಿಡಬೇಕು. ಸಾಲ ಕೊಟ್ಟವರು ಯಾವ ವರ್ಗದವರು ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಆಕ್ಷೇಪಣೆ ಇದ್ದರೆ 60 ದಿನದೊಳಗೆ ಬರೆದು ಕೊಡಿ. ಬ್ಯಾಂಕ್ 15 ದಿನದಲ್ಲಿ ಕಾರಣ ಸಹಿತ ಉತ್ತರಿಸಬೇಕು. ಈ ಪತ್ರವನ್ನು ಬೈಗುಳಕ್ಕೆ ಬಳಸಬೇಡಿ. ‘ಇಂಥ ತಾರೀಖು ಕಟ್ಟಿದ 27,000 ಜಮೆಯಾಗಿಲ್ಲ, ರಸೀದಿ ಲಗತ್ತಿಸಿದೆ’ ಎಂಬ ಒಂದು ಸಾಲು ಎರಡು ಪುಟದ ಗೋಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರುತ್ತೇನೆಂದು ವಕೀಲರಿಗೆ ದುಡ್ಡು ಕೊಡುವುದು ಇಲ್ಲಿನ ಇನ್ನೊಂದು ದುಬಾರಿ ತಪ್ಪು. ಕಾಯ್ದೆಯ 34ನೇ ಕಲಮು ಅದಕ್ಕೆ ಅಡ್ಡ ಇದೆ. ಹೋಗಬೇಕಾದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿಗೆ. ಅದೂ ಬ್ಯಾಂಕ್ ಸ್ವಾಧೀನದ ಹೆಜ್ಜೆ ಇಟ್ಟ ಮೇಲೆ, 45 ದಿನದೊಳಗೆ. ಬರೀ ಬೇಡಿಕೆ ನೋಟಿಸಿನ ಮೇಲೆ ಅಲ್ಲಿ ಅರ್ಜಿ ನಡೆಯದು. ವಕೀಲರಿಗೆ ಕೊಡಲು ಇಲ್ಲದವರು ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ; ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ನೆರವು ಇದೆ. ಲೋಕ ಅದಾಲತ್‌ನಲ್ಲಿ ರಾಜಿ ಕೇಳುವುದೂ ಅಲ್ಲಿಂದಲೇ. ಆದರೆ ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ, ಕಟ್ಟಲಾಗದ ಮೊತ್ತಕ್ಕೆ ಸಹಿ ಹಾಕಬೇಡಿ.

ನೀವೇ ಮಾರಿದರೆ

ಸಾಲ ತೀರಿಸುವ ದಾರಿಯೇ ಕಾಣದಿದ್ದರೆ ಬ್ಯಾಂಕ್ ಮಾರುವ ಮೊದಲು ನೀವೇ ಮಾರಿ. ಹೀಗೆ ನೋಡಿ. ಮನೆಗೆ ಊರಿನ ಬೆಲೆ 22 ಲಕ್ಷ, ಸಾಲ 14 ಲಕ್ಷ. ಈಗ ಮಾರಿದರೆ 8 ಲಕ್ಷ ಕೈಯಲ್ಲಿ. ಒಂದು ವರ್ಷ ಎಳೆದು ಹರಾಜಿಗೆ ಬಿಟ್ಟರೆ ಬಡ್ಡಿ ಒಂದೂಕಾಲು ಲಕ್ಷ, ಮೇಲೆ ನೋಟಿಸು-ಜಾಹೀರಾತು-ವಕೀಲರ ಖರ್ಚು ಸೇರಿ ಬಾಕಿ 15.5 ಲಕ್ಷ ಆಯಿತೆನ್ನಿ. ಹರಾಜಿನಲ್ಲಿ 17 ಲಕ್ಷ ಬಂದರೆ ಉಳಿಯುವುದು ಒಂದೂವರೆ ಲಕ್ಷ. ಒಂದು ಕುಟುಂಬ ಮತ್ತೆ ಸಣ್ಣ ಮನೆ ಕಟ್ಟಿಕೊಳ್ಳುತ್ತದೋ ಜೀವನಪೂರ್ತಿ ಬಾಡಿಗೆಗೆ ಇಳಿಯುತ್ತದೋ ಎಂಬುದು ಆ ಆರೂವರೆ ಲಕ್ಷದ ಮೇಲೆ ನಿಂತಿದೆ.

ಕ್ರಮ ಹೀಗಿದೆ: ಬ್ಯಾಂಕಿನಿಂದ ಆ ದಿನದ ಪೂರ್ತಿ ಬಾಕಿಯ ಪತ್ರ, ಅಡವಿಟ್ಟ ದಾಖಲೆಗಳ ಪಟ್ಟಿ ಪಡೆಯಿರಿ. ಕೊಳ್ಳುವವರು ಹಣವನ್ನು ನೇರ ಸಾಲದ ಖಾತೆಗೆ ಹಾಕಲಿ, ಅಥವಾ ಅವರ ಬ್ಯಾಂಕೇ ಸಾಲ ಟೇಕ್‌ಓವರ್ ಮಾಡಲಿ. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವುದು, ಬಾಡಿಗೆ-ಲೀಸಿಗೆ ಕೊಡುವುದು ನಡೆಯದು. ಹರಾಜು ಪ್ರಕಟಣೆ ಹೊರಬಿದ್ದ ಮೇಲೆ, 2016ರ ತಿದ್ದುಪಡಿಯ ನಂತರ, ಪೂರ್ತಿ ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕೂ ಮುಗಿಯುತ್ತದೆ. ‘ಹರಾಜಿನ ದಿನ ದುಡ್ಡು ತಂದು ನಿಲ್ಲಿಸ್ತೀನಿ’ ಎಂಬ ಹಳೇ ನಂಬಿಕೆಯಿಂದ ಮನೆ ಕಳೆದುಕೊಳ್ಳುವುದು ಈಗ ಸುಲಭ.

ಬಾಡಿಗೆದಾರರು, ಲೀಸಿನವರು

ಓಣಿಯಲ್ಲಿ ಮೊದಲು ಏಟು ಬೀಳುವುದು ಇವರಿಗೆ. ಮೂರು-ನಾಲ್ಕು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಮೂರು ವರ್ಷ ಇರುವ ಲೀಸ್ ಇಲ್ಲಿ ರೂಢಿ. ಕರಾರು ಬಾಂಡ್ ಪೇಪರಿನ ಮೇಲೆ, ನೋಂದಣಿ ಇಲ್ಲ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಅದಿಲ್ಲದ ಕಾಗದ ಬ್ಯಾಂಕಿನ ಎದುರು ಬಲು ದುರ್ಬಲ. ಮನೆ ಅಡವಿಡುವ ಮೊದಲೇ ಬಂದವರಾಗಿದ್ದರೆ ನೋಂದಾಯಿತ ಕರಾರು, ವಿದ್ಯುತ್ ಬಿಲ್, ಬಾಡಿಗೆ ರಸೀದಿ ಇಟ್ಟುಕೊಂಡು ಡಿಆರ್‌ಟಿ ಮುಂದೆ ಹಕ್ಕು ಹೇಳಬಹುದು.

ಹಾಗಾಗಿ ಲೀಸಿಗೆ ದುಡ್ಡು ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ, ದಾಖಲೆ ಠೇವಣಿಯ ಅಡಮಾನ (ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ) ಇದೆಯೇ ನೋಡಿ. ಮೂಲ ಕ್ರಯಪತ್ರ ತೋರಿಸಲು ಕೇಳಿ. ಜೆರಾಕ್ಸ್ ಮಾತ್ರ ಇದೆ ಎಂದರೆ ಮೂಲ ಎಲ್ಲಿದೆ ಎಂದು ಊಹಿಸುವುದು ಕಷ್ಟವಲ್ಲ. ಸಾಲ ಇದ್ದೇ ಇದ್ದರೆ ದೊಡ್ಡ ಲೀಸು ಬೇಡ, ತಿಂಗಳ ಬಾಡಿಗೆಯೇ ಲೇಸು.

ಸ್ವಾಧೀನದ ದಿನ

ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಒಂದು ಸ್ಥಳೀಯ ಭಾಷೆಯದಾಗಿರಬೇಕು. ಇದು ಕಾಗದದ ಮೇಲಿನ ಸ್ವಾಧೀನ, ಆಗ ಮನೆಯಲ್ಲಿದ್ದವರು ಮನೆಯಲ್ಲೇ ಇರುತ್ತಾರೆ. ಅವರು ತಾವಾಗಿ ಬಿಡದಿದ್ದರೆ ನಿಜವಾಗಿ ಬಿಡಿಸಲು ಬ್ಯಾಂಕ್ ಜಿಲ್ಲಾಧಿಕಾರಿಯ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ಆದೇಶ ಬಂದ ಮೇಲೆ ಬಾಗಿಲಲ್ಲಿ ಜಗಳ ಕಾಯುವುದರಿಂದ ಪ್ರಯೋಜನವಿಲ್ಲ. ಮಕ್ಕಳ ಟಿಸಿ, ಅಂಕಪಟ್ಟಿ, ರೇಷನ್ ಕಾರ್ಡ್, ಔಷಧಿ, ಒಡವೆ ಮೊದಲೇ ಬೇರೆ ಕಡೆ ಇಡಿ. ಒಳಗೆ ಉಳಿದ ಸಾಮಾನಿನ ಪಂಚನಾಮೆಯ ನಕಲು ಪಡೆಯಿರಿ.

ಬೀಗ ಬಿದ್ದ ಮನೆ ಓಣಿಯದ್ದೇ ತಲೆನೋವು. ಮಳೆಗಾಲದಲ್ಲಿ ತಾರಸಿ ಸೋರಿ ಪಕ್ಕದ ಗೋಡೆಗೆ ತೇವ ಇಳಿಯುತ್ತದೆ, ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಮಾಡುತ್ತದೆ. ನಗರಸಭೆಗೆ ದೂರು ಕೊಟ್ಟು ಸುಮ್ಮನಾಗಬೇಡಿ. ಸ್ವಾಧೀನಕ್ಕೆ ಪಡೆದ ಮನೆಯನ್ನು ವಿವೇಕವುಳ್ಳ ಮಾಲೀಕನಂತೆ ಜೋಪಾನ ಮಾಡುವ ಹೊಣೆ ಬ್ಯಾಂಕಿನ ಅಧಿಕೃತ ಅಧಿಕಾರಿಯದ್ದು ಎಂದು ಸರ್ಫೇಸಿ ಕಾಯ್ದೆಯ ಜಾರಿ ನಿಯಮಗಳಲ್ಲಿನ ನಿಯಮ 8 ಹೇಳುತ್ತದೆ. ಬಾಗಿಲ ಮೇಲಿನ ನೋಟಿಸಿನಲ್ಲಿ ಅವರ ಸಹಿ ಇರುತ್ತದೆ. ಫೋಟೊ ಸಮೇತ ಅವರಿಗೇ ಬರೆಯಿರಿ, ಪ್ರತಿಯನ್ನು ನಗರಸಭೆಗೆ ಕೊಡಿ.

ಹರಾಜು, ಮತ್ತು ಅಗ್ಗದ ಮನೆ ಎಲ್ಲಿ ಹೋಗುತ್ತದೆ

ಹರಾಜಿಗೆ 30 ದಿನದ ನೋಟಿಸ್ ಕೊಡಬೇಕು. ಮೊದಲ ಸಲ ಯಾರೂ ಬರದಿದ್ದರೆ ಮುಂದಿನದಕ್ಕೆ 15 ದಿನ ಸಾಕು. ಮೀಸಲು ಬೆಲೆಯ (ಬ್ಯಾಂಕ್ ಗೊತ್ತುಮಾಡಿದ ಕನಿಷ್ಠ ಬೆಲೆಯ) ಶೇ 10ರಷ್ಟನ್ನು ಮುಂಗಡ ಠೇವಣಿಯಾಗಿ ಕೇಳುವುದು ವಾಡಿಕೆ. ಗೆದ್ದವರು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಶೇ 25 ತುಂಬಬೇಕು, ಉಳಿದ ಶೇ 75ನ್ನು ಮಾರಾಟ ಖಚಿತವಾದ 15 ದಿನದಲ್ಲಿ.

ಕೈಗೆಟುಕುವ ಮನೆಗಳ ಪ್ರಶ್ನೆ ಈ 15 ದಿನದಲ್ಲಿ ಅಡಗಿದೆ. ಪಗಾರದ ಮೇಲೆ ಬದುಕುವವರಿಗೆ ಅಷ್ಟರಲ್ಲಿ ಗೃಹಸಾಲ ಮಂಜೂರಾಗುವುದು ಕಷ್ಟ. ರೊಕ್ಕ ಕೈಯಲ್ಲಿದ್ದವರು ಗೆಲ್ಲುತ್ತಾರೆ. ಎರಡು ಕೋಣೆಯ ಮನೆಯನ್ನು ಮೂರು ಬಾಡಿಗೆ ಭಾಗ ಮಾಡುತ್ತಾರೆ. ಮನೆ ಕಳೆದುಕೊಂಡವರು ಮಕ್ಕಳ ಶಾಲೆ ಬಿಡಿಸಲಾಗದೆ ಅಲ್ಲೇ ಸುತ್ತಮುತ್ತ ಬಾಡಿಗೆ ಹುಡುಕುವುದರಿಂದ ಸಣ್ಣ ಮನೆಗಳ ಬಾಡಿಗೆ ಏರುತ್ತದೆ. ಇತ್ತ ಹರಾಜಿನ ಬೆಲೆ ದಾಖಲೆಗೆ ಬಿದ್ದು, ನೆರೆಯವರು ಸಾಲಕ್ಕೆ ಹೋದಾಗ ಅವರ ಮನೆಯ ಮೌಲ್ಯಮಾಪನವೂ ತಗ್ಗಬಹುದು. ಬಾಡಿಗೆ ಮೇಲಕ್ಕೆ, ಮನೆಯ ಬೆಲೆ ಕೆಳಕ್ಕೆ: ಎರಡೂ ಒಂದೇ ಓಣಿಯಲ್ಲಿ.

ಸರ್ಕಾರಿ ನೆರವು ಕೂಡ ಎರಡನೇ ಸಲ ಸಿಗುವುದು ಕಷ್ಟ. ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ 25 ಲಕ್ಷದವರೆಗಿನ ಸಾಲಕ್ಕೆ, ಮೊದಲ 8 ಲಕ್ಷದ ಮೇಲೆ ಶೇ 4 ಬಡ್ಡಿ ಸಹಾಯಧನವಿದೆ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ಆದರೆ ಹಿಂದಿನ 20 ವರ್ಷದಲ್ಲಿ ಯಾವುದೇ ವಸತಿ ಯೋಜನೆಯ ಲಾಭ ಪಡೆದವರಿಗೆ ಇದು ಇಲ್ಲ. ಸಹಾಯಧನದ ಮನೆ ಹರಾಜಾದರೆ ಆ ಕುಟುಂಬದ ಸರದಿ ಅಲ್ಲಿಗೆ ಮುಗಿದಂತೆ.

ಅದೇ ಮನೆಯ ಬಾಡಿಗೆದಾರರೋ ಓಣಿಯವರೋ ಕೊಳ್ಳುವುದಾದರೆ ತಯಾರಿ ಮೊದಲೇ ಬೇಕು. ಸರ್ಕಾರಿ ಬ್ಯಾಂಕುಗಳ ಹರಾಜು ಪಟ್ಟಿ ಬ್ಯಾಂಕ್‌ನೆಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಠೇವಣಿ ಕಟ್ಟುವ ಮೊದಲು ಸಾಲದ ಪೂರ್ವ ಮಂಜೂರಾತಿ ಪತ್ರ ಕೈಯಲ್ಲಿರಲಿ. 15 ದಿನದ ಗಡುವನ್ನು ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಮೂರು ತಿಂಗಳವರೆಗೆ ವಿಸ್ತರಿಸಬಹುದು. ತಪ್ಪಿದರೆ ಕಟ್ಟಿದ ಶೇ 25 ಮುಟ್ಟುಗೋಲು. ಮನೆ ಖಾಲಿ ಇದೆಯೇ, ಬ್ಯಾಂಕ್ ಪಡೆದದ್ದು ಕಾಗದದ ಸ್ವಾಧೀನ ಮಾತ್ರವೇ ವಿಚಾರಿಸಿ. ಎರಡನೆಯದಾದರೆ ಒಳಗಿರುವವರನ್ನು ಬಿಡಿಸುವ ತಲೆಬಿಸಿಗೆ ಬೆಲೆ ಕಡಿಮೆ ಮಾಡಿಯೇ ಕೂಗಿ. ಇ-ಖಾತಾ, ಆಸ್ತಿ ತೆರಿಗೆ ಬಾಕಿ, ಜೆಸ್ಕಾಂ ಬಾಕಿ ಮೂರನ್ನೂ ನೋಡಿ. ‘ಇದ್ದದ್ದು ಇದ್ದ ಹಾಗೆ’ ಎಂಬ ಷರತ್ತಿನಲ್ಲಿ ಇವು ಸಾಮಾನ್ಯವಾಗಿ ಕೊಂಡವರ ತಲೆಗೇ ಬರುತ್ತವೆ. ಮೂಲ ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರಬಹುದು. ತಹಶೀಲ್ದಾರ್ ಕಚೇರಿಯಲ್ಲಿ ಮಂಜೂರಾತಿ ಕಡತ ನೋಡದೆ ಕೂಗಬೇಡಿ.

ಮನೆ ಕಳೆದುಕೊಂಡವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ಬಾಕಿ, ಖರ್ಚು ಕಳೆದು ಉಳಿದ ಹಣ ನಿಮ್ಮದು. ಹರಾಜಿನ ಲೆಕ್ಕಪಟ್ಟಿಯನ್ನು, ಖರ್ಚಿನ ಒಂದೊಂದು ಬಾಬ್ತಿನ ರಸೀದಿ ಸಮೇತ, ಲಿಖಿತವಾಗಿ ಕೇಳಿ. ಹರಾಜಿನ ಹಣ ಸಾಲದಾದರೆ ಉಳಿದ ಬಾಕಿಗೆ ಬ್ಯಾಂಕ್ ಜಾಮೀನುದಾರರ ಮೇಲೂ ಹೋಗಬಹುದು. ಜಾಮೀನು ಹಾಕಿದವರಿಗೆ ಆ ಲೆಕ್ಕಪಟ್ಟಿಯ ಒಂದು ನಕಲು ಕೊಡಿ.