ನೆಲನೆಲ್ಲಿ ಒಣಗಿಸುವುದಕ್ಕೂ ಒಂದು ಕ್ರಮವಿದೆ

ಬೆಳಿಗ್ಗೆ ಕಿತ್ತ ನೆಲನೆಲ್ಲಿಯನ್ನು ಸುಡುಬಿಸಿಲಿಗೆ ಹರಡಿ, ಸಂಜೆಗೆ ಅರೆಬರೆ ಒಣಗಿದ್ದನ್ನೇ ಪ್ಲಾಸ್ಟಿಕ್ ಡಬ್ಬಿಗೆ ತುರುಕಿ, "ಲಿವರ್‌ಗೆ ಒಳ್ಳೇದು" ಅಂತ ತಿಂಗಳುಗಟ್ಟಲೆ ಕುಡಿಯುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಔಷಧಿ ಅಂತ ಕುಡಿಯುತ್ತೀರಿ, ಅದನ್ನು ಇಡುವುದಕ್ಕೆ ಮಾತ್ರ ತಾಳ್ಮೆ ಇಲ್ಲ.

ಗಿಡ ಗುರುತಿಸುವುದು ನಿಮಗೆ ಗೊತ್ತಿರಬೇಕು. ಎಲೆಗರಿ ಮಗುಚಿದರೆ ಅಡಿಯಲ್ಲಿ ಸಾಸಿವೆಯಂಥ ನುಣುಪು ಕಾಯಿಗಳ ಸಾಲು ಕಾಣುತ್ತದೆ. ಕಾಂಡ ಕೆಂಪಗಿದ್ದು ಕಾಯಿ ಒರಟಾಗಿದ್ದರೆ ಅದು ಬೇರೆ ಜಾತಿ, ಬಿಟ್ಟುಬಿಡಿ. ಬೇರಿನ ಮಣ್ಣು ಪೂರ್ತಿ ಹೋಗುವ ತನಕ ತೊಳೆಯಿರಿ.

ಇನ್ನು ಒಣಗಿಸುವುದು. ಬಿಸಿಲು ಬೇಡವೇ ಬೇಡ. ಗಾಳಿಯಾಡುವ ನೆರಳಲ್ಲಿ ಹಳೆಯ ಹತ್ತಿ ಸೀರೆ ಹಾಸಿ, ಒಂದು ಗಿಡದ ಮೇಲೆ ಇನ್ನೊಂದು ಬೀಳದಂತೆ ಹರವಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಗುಚಬೇಕು. ಸೀರೆಯೇ ಯಾಕೆ ಅಂದರೆ, ಒಣಗುತ್ತಾ ಬಂದ ಹಾಗೆ ಕಾಯಿಗಳು ಚಟ್ ಅಂತ ಸಿಡಿದು ಬೀಜ ಚೆಲ್ಲುತ್ತವೆ. ಬರೀ ನೆಲದಲ್ಲಿಟ್ಟರೆ ಅದೆಲ್ಲ ಕಸದ ಜೊತೆ ಹೋಗುತ್ತದೆ. ನಮ್ಮತ್ತೆ ಎಲೆ ನೋಡಿ ಒಣಗಿತು ಅನ್ನುತ್ತಿರಲಿಲ್ಲ, ಬುಡದ ಹತ್ತಿರ ಕಾಂಡ ಮುರಿಯುತ್ತಿದ್ದರು. ಟಪ್ ಅಂತ ಮುರಿಯಬೇಕು, ಬಾಗಿದರೆ ಇನ್ನೂ ಎರಡು ದಿನ. ಆಮೇಲೆ ಮೂಗಿನ ಹತ್ತಿರ ಹಿಡಿದು, ಮುಗ್ಗಲು ವಾಸನೆಯ ಸುಳಿವು ಸಿಕ್ಕರೂ ಇಡೀ ಕಂತೆಯನ್ನೇ ಎಸೆಯುತ್ತಿದ್ದರು. ಅರೆ ಒಣಗಿದ ಟವಲನ್ನು ಮಡಚಿ ಬೀರುವಿಗಿಟ್ಟು, ವಾಸನೆ ಬರುತ್ತದೆ ಅಂತ ಸೋಪು ಬದಲಾಯಿಸುವವರೂ ಇದನ್ನು ಓದಿಕೊಳ್ಳಿ.

ಅತ್ತೆಯ ಹಟಕ್ಕೆ ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇದರಿಂದಲೇ. ಆ ವಿಷ ಹೊಡೆಯುವುದು ನೇರ ಲಿವರಿಗೆ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಲಿವರ್ ಕಾಯಲೆಂದು ಕುಡಿದದ್ದೇ ಲಿವರನ್ನು ತಿಂದರೆ ಹೇಗೆ?

ಕಷಾಯದ ಅಳತೆ ಕೇಳಬೇಡಿ. ಒಂದು ಹಿಡಿ ಪುಡಿಗೆ ಮುಳುಗಿ ಮೇಲೆ ನಾಲ್ಕು ಬೆರಳು ನೀರು, ಸಣ್ಣ ಉರಿ, ಮುಚ್ಚಳ ಬೇಡ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಮುಟ್ಟಬೇಡಿ.

ಇದರಲ್ಲೇನಿದೆ ಅಂತ ನನ್ನ ಮೊಮ್ಮಗಳು ಕೇಳುತ್ತಾಳೆ. ಫಿಲಾಂತಿನ್ ಎಂಬ ಸತ್ವವಿದೆ. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಲಿವರ್ ಕೆಡಿಸುವ ಪ್ರಯೋಗಗಳಲ್ಲಿ, ಈ ಗಿಡದ ಸಾರ ಕೊಟ್ಟ ಇಲಿಗಳ ರಕ್ತದಲ್ಲಿ ಲಿವರ್ ಕೆಟ್ಟಾಗ ಸೋರುವ ಕಿಣ್ವಗಳು ಅಷ್ಟು ಏರುವುದಿಲ್ಲ. ಆ ರಾಸಾಯನಿಕ ದೇಹದೊಳಗೆ ಸಿಕ್ಕಿದ್ದನ್ನು ಕೆಡಿಸುವ ಕಣ, ಅಂದರೆ ಫ್ರೀ ರ್‍ಯಾಡಿಕಲ್ ಆಗಿ ಜೀವಕೋಶದ ಪೊರೆ ಹರಿಯುತ್ತದೆ, ಗಿಡದ ಸಾರದಲ್ಲಿರುವ ಆ್ಯಂಟಿಆಕ್ಸಿಡೆಂಟ್, ಅಂದರೆ ಅಂಥ ಕಣವನ್ನು ಸುಮ್ಮನಾಗಿಸುವ ಸತ್ವ, ಅದನ್ನು ತಡೆಯುತ್ತದೆ. ಆದರೆ ಇಲಿ ಇಲಿಯೇ. 1988ರಲ್ಲಿ ಹೆಪಟೈಟಿಸ್ ಬಿ ಇದ್ದ 37 ಜನಕ್ಕೆ ಇದನ್ನು ಕೊಟ್ಟಾಗ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು ಅಂತ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಬೇರೆಯವರು ಮಾಡಿದಾಗ ಅಂಥ ಫಲ ಸಿಗಲಿಲ್ಲ. ಕಣ್ಣು ಹಳದಿಯಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ ರಕ್ತಪರೀಕ್ಷೆ ಮಾಡಿಸಿ, ಕುಡಿಯುತ್ತಿರುವುದನ್ನು ಮುಚ್ಚಿಡದೆ ಹೇಳಿ.

ಸಾರ ಮಾಡಿದ ಮಾತ್ರೆಗಳ ಬಗ್ಗೆ ನನಗೆ ಸಿಟ್ಟೇ ಇದೆ. ನನ್ನ ತಂಗಿಯ ಮಗಳು ಸಣ್ಣಗಾಗಲೆಂದು ಗ್ರೀನ್ ಟೀ ಸಾರದ ಮಾತ್ರೆ ನುಂಗಿ ನುಂಗಿ ಕಣ್ಣು ಹಳದಿ ಮಾಡಿಕೊಂಡಳು. ನಿಲ್ಲಿಸಿದ ಮೇಲೆ ಸರಿಹೋಗಲು ಎರಡು ತಿಂಗಳು ಹಿಡಿಯಿತು. ಇಂಥ ಮಾತ್ರೆಯಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಸತ್ವ) ಒಳಗೆ ಹೋದರೆ ಲಿವರ್ ಕಿಣ್ವ ಏರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಅದೂ ಆ್ಯಂಟಿಆಕ್ಸಿಡೆಂಟೇ ಅಲ್ಲವೇ?

ಒಣಗಿದ್ದನ್ನು ಗಾಜಿನ ಬಾಟಲಿಗೆ ತುಂಬಿ, ಕಿತ್ತ ತಾರೀಕು ಬರೆದ ಚೀಟಿ ಅಂಟಿಸಿ ಕತ್ತಲಲ್ಲಿಡಿ. ವರ್ಷ ಕಳೆದದ್ದು ಉಳಿದಿದ್ದರೆ ಗಿಡದ ಬುಡಕ್ಕೆ ಸುರಿದು, ಬಾಟಲಿ ತೊಳೆದು ಕವುಚಿ ಹಾಕಿ.