ಸೆಕೆಂಡ್‌ಹ್ಯಾಂಡ್ ಡೀಸೆಲ್ ಪಿಕಪ್: ವರ್ಷ ನೋಡಿ ಗಾಡಿ ಆರಿಸುವುದು ಹೇಗೆ

"2017 ಮಾಡೆಲ್, ಸಿಂಗಲ್ ಓನರ್" ಎಂದು ಬ್ರೋಕರ್ ಹೇಳಿದರೆ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ತಿಂಗಳು. ಮಾರ್ಚ್ ಒಳಗಿನದೋ, ಏಪ್ರಿಲ್ ನಂತರದ್ದೋ? ಎರಡರ ನಂಬರ್ ಪ್ಲೇಟ್ ಅಕ್ಕಪಕ್ಕದ್ದೇ ಇರಬಹುದು, ಬಾನೆಟ್ ಕೆಳಗಿನ ಇಂಜಿನ್ ಮಾತ್ರ ಬೇರೆ ಇರಬಹುದು. ನಮ್ಮಲ್ಲಿ ಡೀಸೆಲ್ ಗಾಡಿಯ ವಯಸ್ಸನ್ನು ಕ್ಯಾಲೆಂಡರ್‌ಗಿಂತ ಭಾರತ್ ಸ್ಟೇಜ್ (ಬಿಎಸ್), ಅಂದರೆ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ, ಹೆಚ್ಚು ಸರಿಯಾಗಿ ಹೇಳುತ್ತದೆ.

ನೆನಪಿಡಬೇಕಾದ ದಿನಾಂಕ ಮೂರು. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6, 2023ರ ಏಪ್ರಿಲ್ 1ರಿಂದ ಬಿಎಸ್ 6ರ ಎರಡನೇ ಹಂತ. ಮೋಸ ಹೋಗುವುದು ಹೆಚ್ಚಾಗಿ ಈ ಗಡಿಗಳ ಆಸುಪಾಸಿನಲ್ಲೇ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್ 3 ಗಾಡಿಗಳನ್ನು ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದಿತು. ಉಳಿದ ಸ್ಟಾಕನ್ನು ಶೋರೂಮ್‌ಗಳು ಕೊನೆಯ ಎರಡು ದಿನದಲ್ಲಿ ಭಾರೀ ರಿಯಾಯಿತಿಗೆ ಕೊಟ್ಟವು. ಹಾಗೆ ಅಗ್ಗಕ್ಕೆ ಬಂದ ಬಿಎಸ್ 3 ಪಿಕಪ್‌ಗಳೇ ಇವತ್ತು "2017 ಮಾಡೆಲ್" ಎಂಬ ಹೆಸರಲ್ಲಿ ಬಿಎಸ್ 4 ಬೆಲೆ ಕೇಳುತ್ತವೆ. 2020ರಲ್ಲೂ ಇಂಥದ್ದೇ ಕಥೆ. ಲಾಕ್‌ಡೌನ್ ಬಿದ್ದು ಮಾರ್ಚ್ ಕೊನೆಗೆ ಮಾರಿದ ಬಿಎಸ್ 4 ಗಾಡಿಗಳ ನೋಂದಣಿ ನಿಂತು, ಕೆಲವು ತಡವಾಗಿ ಆದವು. ಹಾಗಾಗಿ 2020ರ ಮಧ್ಯದ ನೋಂದಣಿ ದಿನಾಂಕ ಕಂಡ ಮಾತ್ರಕ್ಕೆ ಅದು ಬಿಎಸ್ 6 ಎಂದುಕೊಳ್ಳಬೇಡಿ.

ಇದನ್ನು ಖಚಿತಪಡಿಸಿಕೊಳ್ಳಲು ಎರಡು ನಿಮಿಷ ಸಾಕು. ಆರ್‌ಸಿಯಲ್ಲಿ ನೋಂದಣಿ ದಿನಾಂಕದ ಜೊತೆಗೆ ತಯಾರಾದ ತಿಂಗಳು, ವರ್ಷವೂ ಇರುತ್ತದೆ. ಅದನ್ನು ಓದಿ. ಎಮಿಷನ್ ನಾರ್ಮ್ಸ್ ಎಂಬ ಸಾಲಿನಲ್ಲಿ ಭಾರತ್ ಸ್ಟೇಜ್ ಎಷ್ಟು ಎಂದು ಬರೆದಿರುತ್ತದೆ. ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ಅದನ್ನೇ ಮತ್ತೊಮ್ಮೆ ತಾಳೆ ನೋಡಿ. ಆಮೇಲೆ ಚಾಸಿಸ್ ನಂಬರ್. 17 ಅಕ್ಷರ-ಅಂಕಿಗಳ ಈ ನಂಬರಿನಲ್ಲಿ ಹತ್ತನೆಯದು ಹಲವು ಕಂಪನಿಗಳಲ್ಲಿ ವರ್ಷದ ಗುರುತು: ಜಿ ಎಂದರೆ 2016, ಎಚ್ 2017, ಜೆ 2018, ಕೆ 2019, ಎಲ್ 2020, ಎಂ 2021, ಎನ್ 2022, ಪಿ 2023. ಐ, ಓ, ಕ್ಯೂ ಬಳಸುವುದಿಲ್ಲ. ಆರ್‌ಸಿಯಲ್ಲಿ 2018 ಇದ್ದು ಚಾಸಿಸ್‌ನಲ್ಲಿ ಜಿ ಕಂಡರೆ, ಏಕೆ ಎಂದು ಮಾರುವವರು ವಿವರಿಸಲಿ. ಕೆತ್ತಿದ ನಂಬರಿನ ಸುತ್ತ ಗ್ರೈಂಡರ್ ಗೆರೆಯೋ ಹೊಸ ಪೇಂಟೋ ಇದ್ದರೆ ವಿವರಣೆ ಕೇಳುವುದೂ ಬೇಡ, ಅಲ್ಲಿಂದ ಹೊರಡಿ.

ಈಗ ಯಾವ ಕಾಲದ ಗಾಡಿ ಯಾರಿಗೆ ಎಂಬ ಮಾತು.

ಬಿಎಸ್ 3 ಕಾಲದ ಬೊಲೆರೊ ಪಿಕಪ್‌ನದ್ದು ಹಳೆಯ ಡಿಐ ಇಂಜಿನ್, ಕಾಮನ್ ರೈಲ್ (ಭಾರೀ ಒತ್ತಡದ ಡೀಸೆಲನ್ನು ಒಂದೇ ಪೈಪಿನಿಂದ ಎಲ್ಲ ಸಿಲಿಂಡರ್‌ಗೂ ಹಂಚುವ ವ್ಯವಸ್ಥೆ) ಅಲ್ಲ. ಹಳ್ಳಿ ಕ್ರಾಸಿನ ಮೆಕ್ಯಾನಿಕ್ ಕೂಡ ಬಿಚ್ಚಿ ಕಟ್ಟುತ್ತಾನೆ, ಸ್ಕ್ಯಾನರ್ ಬೇಡ, ಸೆನ್ಸರ್ ಕಾಟವಿಲ್ಲ. ತೋಟದಿಂದ ಮಂಡಿಗೆ ವಾರಕ್ಕೆರಡು ಸಲ ಓಡಿಸುವವರಿಗೆ ಇದು ಈಗಲೂ ಒಳ್ಳೆಯ ಗಾಡಿಯೇ. ತೊಂದರೆ ಇರುವುದು ಕಾಗದದಲ್ಲಿ. ಗೂಡ್ಸ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಫಿಟ್‌ನೆಸ್ ಪ್ರಮಾಣಪತ್ರ), ಅದಾದ ಮೇಲೆ ಪ್ರತಿ ವರ್ಷ. ಗಾಡಿ ಹಳೆಯದಾದಂತೆ ಎಫ್‌ಸಿ ಶುಲ್ಕವೂ ಏರುತ್ತದೆ, ಹದಿನೈದು ದಾಟಿದರೆ ಇನ್ನೂ ಹೆಚ್ಚು. ಆ ಲೆಕ್ಕ ಹಾಕದೆ "ಅಗ್ಗ" ಎನ್ನಬೇಡಿ. ಇನ್ನೊಂದು ಮಾತು: ಬಿಎಸ್ 3 ಎಂದರೆ ಎಲ್ಲವೂ ಸರಳ ಪಂಪಿನ ಗಾಡಿಗಳಲ್ಲ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನ 1,478 ಸಿಸಿ ಮೂರು ಸಿಲಿಂಡರ್ ಇಂಜಿನ್ ಮೊದಲಿನಿಂದಲೂ ಕಾಮನ್ ರೈಲ್. ಹಳೆಯ ದೋಸ್ತ್ ನೋಡುವವರು ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಪರೀಕ್ಷೆ ಬಿಡುವಂತಿಲ್ಲ.

ಬಿಎಸ್ 4, ಅಂದರೆ 2017ರ ಮಧ್ಯದಿಂದ 2019ರ ಕೊನೆವರೆಗಿನದು. ಊರೊಳಗೆ, ತಾಲೂಕಿನೊಳಗೆ ದುಡಿಯುವವರಿಗೆ ನಮ್ಮ ಮೊದಲ ಆಯ್ಕೆ ಇದೇ. ಬೊಲೆರೊ ಪಿಕಪ್‌ನ 2,523 ಸಿಸಿ ಇಂಜಿನ್ ಈ ಹೊತ್ತಿಗೆ ಎಂ2ಡಿಐಸಿಆರ್ ಆಗಿತ್ತು. ಸಿಆರ್ ಎಂದರೆ ಕಾಮನ್ ರೈಲ್. ಎಳೆತ ಚೆನ್ನಾಗಿದೆ, ಡೀಸೆಲ್ ಕಡಿಮೆ ಕುಡಿಯುತ್ತದೆ, ಸೈಲೆನ್ಸರ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಗೋಜಿಲ್ಲ. ಬಿಡಿಭಾಗ ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ಕೆಡುವುದು ಮುಖ್ಯವಾಗಿ ಮೂರು: ಇಂಜೆಕ್ಟರ್, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವುದು), ಟರ್ಬೊ. ನೀರು ಸೇರಿದ ಅಥವಾ ಕಲಬೆರಕೆ ಡೀಸೆಲ್ ಮೊದಲು ಹಾಳು ಮಾಡುವುದು ಇಂಜೆಕ್ಟರನ್ನೇ. ಇಜಿಆರ್‌ನಲ್ಲಿ ಮಸಿ ಕಟ್ಟಿದರೆ ಎಳೆತ ಹೋಗುತ್ತದೆ, ಕಪ್ಪು ಹೊಗೆ ಬರುತ್ತದೆ. ಅದನ್ನು ತೊಳೆದು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದ್ದರಿಂದ ಈ ದೋಷ ಕಂಡರೆ ಗಾಡಿ ಬಿಡುವ ಬದಲು ಬೆಲೆ ಇಳಿಸಿ.

ಬಿಎಸ್ 6 ಗಾಡಿ ಹೆದ್ದಾರಿಯವರಿಗೆ. ಟಾಟಾ ಇಂಟ್ರಾ ವಿ30, ಬಡಾ ದೋಸ್ತ್, 2022ರ ಆಗಸ್ಟ್‌ನಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಪಿಕಪ್ ಎಲ್ಲ ಈ ಕಾಲದವು. ಬಿಎಸ್ 6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಹಿಡಿದ ಮಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು ಹೋಗಬೇಕು. ಅಷ್ಟು ಕಾವು ಏರಲು ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಸುತ್ತ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಗೆ ಆ ಅವಕಾಶವೇ ಇಲ್ಲ. ಮಸಿ ತುಂಬುತ್ತದೆ, ಲೈಟ್ ಹೊತ್ತುತ್ತದೆ, ಇಂಜಿನ್ ಶಕ್ತಿ ಇಳಿಯುತ್ತದೆ. ಮಸಿ ಸುಡಲೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಸುಡದೆ ಆಯಿಲ್‌ಗೂ ಇಳಿಯಬಹುದು. ಇದನ್ನು ಕಂಡುಹಿಡಿಯುವುದು ಸುಲಭ: ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗುರುತಿಗಿಂತ ಮೇಲಿದ್ದರೆ, ಬೆರಳಿಗೆ ನೀರಾಗಿ ಹತ್ತಿ ಡೀಸೆಲ್ ವಾಸನೆ ಬಂದರೆ, ಆ ಗಾಡಿ ಮಸಿ ಸುಡಲಾಗದೆ ಒದ್ದಾಡುತ್ತಿದೆ ಎಂದರ್ಥ. ಮಾರುವವರು "ಆಯಿಲ್ ಫುಲ್ ಇದೆ ನೋಡಿ" ಎಂದು ಹೆಮ್ಮೆಯಿಂದ ತೋರಿಸುವುದೂ ಉಂಟು!

ಬಿಎಸ್ 6ರಲ್ಲಿ ಯಾವ ಆಯಿಲ್ ಹಾಕಿದ್ದರು ಎಂಬುದೂ ಮುಖ್ಯ. ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಸಿಕ್ಕಿದ್ದು ಸುರಿದರೆ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಸರ್ವಿಸ್ ಬಿಲ್‌ಗಳನ್ನು ಕೇಳುವುದು ಇದಕ್ಕೇ. ಕೀ ತಿರುಗಿಸಿದಾಗ ಚೆಕ್ ಇಂಜಿನ್ ಲೈಟ್ ಒಮ್ಮೆ ಹೊತ್ತಿ, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲವೆಂದರೆ ಯಾರೋ ಬಲ್ಬ್ ಕಿತ್ತಿರಬಹುದು. ಡಿಪಿಎಫ್ ಒಳಗಿನದನ್ನು ಒಡೆದು ತೆಗೆದು, ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪ್ರೋಗ್ರಾಂ ಬದಲಿಸಿದ ಗಾಡಿಗಳೂ ಓಡಾಡುತ್ತಿವೆ. ಸೈಲೆನ್ಸರ್ ತುದಿಯೊಳಗೆ ಬೆರಳಿಟ್ಟು ನೋಡಿ. ಬಿಎಸ್ 6ರಲ್ಲಿ ಬೆರಳಿಗೆ ಕಪ್ಪು ಮಸಿ ದಪ್ಪಗೆ ಅಂಟಬಾರದು.

2020ರ ಕೊನೆ, 2021ರ ಆರಂಭದ ಮೊದಲ ತಂಡದ ಗಾಡಿಗಳಿಗಿಂತ 2022ರ ನಂತರದವು ಸಿಕ್ಕರೆ ಒಳ್ಳೆಯದು. ಯಾವ ಹೊಸ ನಿಯಮ ಬಂದಾಗಲೂ ಮೊದಲ ವರ್ಷದ ಗಾಡಿಗಳಲ್ಲಿ ಸೆನ್ಸರ್, ವೈರಿಂಗ್, ಸಾಫ್ಟ್‌ವೇರ್ ತಿದ್ದುಪಡಿಗಳು ಹೆಚ್ಚು. ಕೊಳ್ಳಲೇಬೇಕಾದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಅಪ್‌ಡೇಟ್ ಆಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಕೇಳಿ.

ಎಷ್ಟು ವರ್ಷ ಓಡಿತು ಎಂಬಷ್ಟೇ ಮುಖ್ಯ, ಏನು ಹೊತ್ತು ಓಡಿತು ಎಂಬುದು. ಕೋಲಾರದ ಟೊಮೆಟೊ ಹೊತ್ತ ಗಾಡಿ ರಾತ್ರಿಯಿಡೀ ಹೆದ್ದಾರಿಯಲ್ಲಿ ಓಡಿರುತ್ತದೆ. ಕಿಲೋಮೀಟರ್ ಜಾಸ್ತಿ, ಆದರೆ ಇಂಜಿನ್ ಒಂದೇ ವೇಗದಲ್ಲಿ ಓಡಿದ್ದರಿಂದ ಬಾಳಿಕೆ ಚೆನ್ನ. ಜಲ್ಲಿ, ಎಂ ಸ್ಯಾಂಡ್, ಸಿಮೆಂಟ್ ಹೊತ್ತದ್ದು ಕಿಲೋಮೀಟರ್ ಕಡಿಮೆ ತೋರಿಸಿದರೂ ಚಾಸಿಸ್ ಸವೆದಿರುತ್ತದೆ. ಮಲ್ಪೆ, ಮಂಗಳೂರು ಕಡೆಯ ಮೀನಿನ ಗಾಡಿಗಳಲ್ಲಿ ಉಪ್ಪುನೀರು ಸೋರಿ ಲೋಡ್‌ಬಾಡಿ ಕೆಳಗಿನ ಕ್ರಾಸ್‌ಮೆಂಬರ್, ಬ್ರೇಕ್ ಪೈಪ್ ತುಕ್ಕು ಹಿಡಿದಿರುತ್ತವೆ. ಮೇಲೆ ಹೊಸ ಪೇಂಟ್ ಹೊಳೆಯುತ್ತಿದ್ದರೂ ಕೆಳಗೆ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. "ಟಣ್" ಎನ್ನಬೇಕು. "ಧಬ್" ಎಂದು ಪದರ ಉದುರಿದರೆ ಬೇಡ. ಕೋಳಿ ಸಾಗಿಸಿದ ಗಾಡಿಗೂ ಇದೇ ಮಾತು.

ಓವರ್‌ಲೋಡ್ ಗುರುತು ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳಲ್ಲಿದೆ. ಎಡಬಲ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಪ್ಲೇಟ್ ಹೆಚ್ಚಿಗೆ ಸೇರಿಸಿದ್ದರೆ ಅದು ಬೇರೆ ಬಣ್ಣದಲ್ಲೋ ಬೇರೆ ದಪ್ಪದಲ್ಲೋ ಎದ್ದು ಕಾಣುತ್ತದೆ. ಸ್ಪ್ರಿಂಗ್ ಕೂರುವ ಹ್ಯಾಂಗರ್ ಬಳಿ, ಕ್ಯಾಬಿನ್ ಮುಗಿದು ಲೋಡ್‌ಬಾಡಿ ಶುರುವಾಗುವ ಕಡೆ ಚಾಸಿಸ್ ಸೀಳಿ ವೆಲ್ಡಿಂಗ್ ಮಾಡಿದ್ದಾರೆಯೇ ಎಂದು ಟಾರ್ಚ್ ಹಿಡಿದು ನೋಡಿ. ಚಾಸಿಸ್ ವೆಲ್ಡಿಂಗ್ ಇದ್ದರೆ ಎಷ್ಟೇ ಅಗ್ಗವಾದರೂ ನಮ್ಮ ಸಲಹೆ ಬೇಡ ಎಂದೇ.

ಮೀಟರ್ ನಂಬುವ ಮುನ್ನ ಲೆಕ್ಕ ಹಾಕಿ. ದಿನಕ್ಕೆ 100 ಕಿ.ಮೀ., ತಿಂಗಳಿಗೆ 25 ದಿನ ಎಂದರೂ ವರ್ಷಕ್ಕೆ 30 ಸಾವಿರ. 2018ರ ಬಾಡಿಗೆ ಗಾಡಿ 70 ಸಾವಿರ ತೋರಿಸಿದರೆ ಕ್ಲಚ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಬಲ ಅಂಚು, ಸ್ಟೇರಿಂಗ್ ಹಿಡಿ ಎಷ್ಟು ಸವೆದಿವೆ ನೋಡಿ. ಹಳೆಯ ಇನ್ಶೂರೆನ್ಸ್, ಸರ್ವಿಸ್ ಬಿಲ್‌ಗಳಲ್ಲಿ ಬರೆದ ರೀಡಿಂಗ್ ಸಿಕ್ಕರೆ ಅದೇ ಸಾಕ್ಷಿ. ಟೈರ್ ಪಕ್ಕದ ನಾಲ್ಕಂಕಿ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ.

ಇಂಜಿನ್ ನೋಡಲು ಬೆಳಿಗ್ಗೆ ಹೋಗಿ. ಬರುತ್ತೀರೆಂದು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಬಾನೆಟ್ ಬೆಚ್ಚಗಿರುತ್ತದೆ. ಹಾಗಿದ್ದರೆ ಆರುವವರೆಗೆ ಕಾಯಿರಿ, ಇಲ್ಲವೇ ಮರುದಿನ ಬನ್ನಿ. ತಣ್ಣಗಿರುವಾಗ ಒಂದೆರಡು ಸೆಲ್ಫ್‌ಗೆ ಹೊತ್ತಿಕೊಳ್ಳಬೇಕು. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಬೋರಲು ಇಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ, ಕುಣಿದು ಹಾರಿದರೆ ಪಿಸ್ಟನ್ ರಿಂಗ್ ಸವೆದು ಗ್ಯಾಸ್ ಕೆಳಗಿಳಿಯುತ್ತಿದೆ, ಇಂಜಿನ್ ಕೆಲಸ ಹತ್ತಿರ ಬಂದಿದೆ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಕಟ್ಟಿ "ಚಫ್ ಚಫ್" ಸದ್ದಿದ್ದರೆ ಅಲ್ಲಿನ ವಾಷರ್ ಹೋಗಿದೆ.

ಕಾಮನ್ ರೈಲ್ ಗಾಡಿಗೆ ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪ್ (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪ್) ಬಿಡಿಸಿ ಒಂದೊಂದು ಬಾಟಲಿಗೆ ಬಿಟ್ಟು, ಎರಡು-ಮೂರು ನಿಮಿಷ ಐಡಲ್‌ನಲ್ಲಿ ಓಡಿಸುತ್ತಾರೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಸಮ ಇರಬೇಕು. ಒಂದರಲ್ಲಿ ಉಳಿದವುಗಳ ದುಪ್ಪಟ್ಟು ತುಂಬಿದರೆ ಆ ಇಂಜೆಕ್ಟರ್ ಮುಗಿದಿದೆ. ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಓಡಿಸುವಾಗ ಖಾಲಿ ಗಾಡಿ ಸುಳ್ಳು ಹೇಳುತ್ತದೆ. ಸಾಧ್ಯವಾದರೆ ಅರ್ಧ ಲೋಡ್ ಹಾಕಿ ಏರಿಗೆ ಕೊಂಡೊಯ್ಯಿರಿ. ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಇಳಿಜಾರಿನಲ್ಲಿ ಎರಡನೇ ಗೇರ್‌ಗೆ ಹಾಕಿ ಕಾಲು ತೆಗೆಯಿರಿ, ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಬಾರದು. ಹೊರಡುವಾಗ ಹಿಂದೆ "ಟಕ್" ಎಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ಅದು ಸಣ್ಣ ಖರ್ಚು. 50ರ ಮೇಲೆ ಹಿಂದಿನಿಂದ ಒಂದೇ ಸಮನೆ "ಊಂ" ಎಂದರೆ ಡಿಫರೆನ್ಷಿಯಲ್, ಅದು ದೊಡ್ಡದು.

ಕಾಗದ ಕೊನೆಗೆ. ಆರ್‌ಸಿಯಲ್ಲಿ ಹೈಪಾಥಿಕೇಷನ್ (ಗಾಡಿ ಮೇಲೆ ಸಾಲವಿದೆ ಎಂಬ ನಮೂದು) ಇದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30. ಬೇರೆ ರಾಜ್ಯದ ಗಾಡಿಗೆ ಫಾರ್ಮ್ 28ರ ಎನ್‌ಒಸಿ, ಮೇಲೆ ಇಲ್ಲಿನ ತೆರಿಗೆ. ಬಾಕಿ ಇ-ಚಲನ್, ರಸ್ತೆ ತೆರಿಗೆ, ಎಫ್‌ಸಿ ಮುಗಿಯುವ ದಿನ ನೋಡಿ. ಒಟ್ಟು ತೂಕ, ಅಂದರೆ ಜಿವಿಡಬ್ಲ್ಯು, 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಬೇಕು. ಒಂದೇ ಹೆಸರಿನ ಪಿಕಪ್‌ನಲ್ಲೂ ವರ್ಷ, ಮಾದರಿ ಬದಲಾದಂತೆ ಈ ತೂಕ ಬದಲಾಗುವುದರಿಂದ ಆರ್‌ಸಿಯ ಆ ಸಾಲನ್ನು ಅಡ್ವಾನ್ಸ್ ಕೊಡುವ ಮೊದಲೇ ಓದಿಕೊಳ್ಳಿ.