ಕುಂಡದ ಪಕ್ಕದಲ್ಲೊಂದು ಸ್ಕೆಚ್ ಪುಸ್ತಕ

ಗಿಡ ಬೆಳೆಸುವ ಹುಚ್ಚು ನನಗೆ ಮೊದಲಿನಿಂದ ಇತ್ತು. ಚಿತ್ರ ಬಿಡಿಸುವುದು ಆಮೇಲೆ ಬಂತು. ಎರಡನ್ನೂ ಬೇರೆ ಬೇರೆ ಹವ್ಯಾಸ ಅಂದುಕೊಂಡಿದ್ದಷ್ಟು ಕಾಲ ಯಾವುದಕ್ಕೂ ಸಮಯ ಸಾಲುತ್ತಿರಲಿಲ್ಲ. ಸಿಕ್ಕಿದ ಬಿಡುವೆಲ್ಲ ಕುಂಡಗಳಿಗೆ ಹೋದರೆ ಬಣ್ಣದ ಡಬ್ಬಿ ಮುಚ್ಚಿಯೇ ಇರುತ್ತಿತ್ತು. ಬಣ್ಣ ಹಿಡಿದು ಕೂತರೆ ಗಿಡಗಳು ಬಾಡುತ್ತಿದ್ದವು. ನನ್ನ ಗಿಡಗಳನ್ನೇ ಬಿಡಿಸಲು ಶುರು ಮಾಡಿದ ಮೇಲೆ ಈ ಜಗ್ಗಾಟ ನಿಂತಿತು. ಎರಡಕ್ಕೂ ಬೇಕಾಗಿರುವುದು ಒಂದೇ ಕೆಲಸ. ಎದುರಿಗಿರುವುದನ್ನು ನಿಧಾನವಾಗಿ ನೋಡುವುದು.

ಇದನ್ನು ನಾನೊಬ್ಬಳೇ ಕೂತು ಕಂಡುಕೊಂಡದ್ದಲ್ಲ. ಒಂದು ಚಿತ್ರಕಲೆ ತರಗತಿ, ಒಂದು ತೋಟಗಾರಿಕೆ ತರಗತಿ, ಆಮೇಲೆ ಅಲ್ಲಿಂದ ಸಿಕ್ಕ ಗೆಳತಿಯರು, ಇವರೆಲ್ಲ ಸೇರಿ ಕಲಿಸಿದ್ದು.

ಸಸ್ಯಗಳ ಚಿತ್ರ ಕಲಿಸುವ ತರಗತಿಗಳಲ್ಲಿ ಎರಡು ಬಗೆ. ಒಂದರಲ್ಲಿ ಮುಂದೆ ಒಂದು ಸಿದ್ಧ ಚಿತ್ರ ಇರುತ್ತದೆ. ಮೊದಲು ಈ ಬಣ್ಣ, ಆಮೇಲೆ ಆ ಬಣ್ಣ ಅಂತ ಹೇಳಿಕೊಡುತ್ತಾರೆ. ಸಂಜೆ ಎಲ್ಲರೂ ಒಂದೇ ತರಹದ ಚಿತ್ರ ಹಿಡಿದು ಮನೆಗೆ ಹೋಗುತ್ತಾರೆ. ಒಂದು ದಿನದ ಖುಷಿಗೆ ಅದು ಸಾಕು, ಬೇಡ ಅನ್ನುವುದಿಲ್ಲ. ಇನ್ನೊಂದರಲ್ಲಿ ಮೇಜಿನ ಮೇಲೆ ಒಂದು ಹಸಿ ರೆಂಬೆ ಇಟ್ಟು, ನೋಡಿ ಅನ್ನುತ್ತಾರೆ. ನಾನು ಹೇಳುವುದಾದರೆ ಎರಡನೆಯದಕ್ಕೇ ಸೇರಿ. ಫೀಸು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಗಿಡ ನೋಡಿ ಬಿಡಿಸುತ್ತೇವಾ, ಫೋಟೋ ನೋಡಿಯಾ? ಫೋಟೋದಲ್ಲಿ ಎಲೆಯನ್ನು ತಿರುಗಿಸಿ ಅದರ ಹಿಂಭಾಗ ನೋಡಲು ಆಗುವುದಿಲ್ಲ. ತೊಟ್ಟು ಕಾಂಡಕ್ಕೆ ಹೇಗೆ ಕೂತಿದೆ ಅಂತ ಬೆರಳಿಟ್ಟು ಮುಟ್ಟಲೂ ಆಗುವುದಿಲ್ಲ.

ನಮ್ಮ ಟೀಚರ್ ಬಹಳ ದಿನ ಬಣ್ಣ ಮುಟ್ಟಲು ಬಿಡಲಿಲ್ಲ. ಬರೀ ಪೆನ್ಸಿಲ್. ಮೊದಲ ಅಭ್ಯಾಸ, ಕಣ್ಣು ಎಲೆಯ ಅಂಚಿನ ಮೇಲೆ ಇರಬೇಕು, ಕಾಗದ ನೋಡಲೇಬಾರದು, ಕೈ ತನ್ನಷ್ಟಕ್ಕೆ ಗೆರೆ ಎಳೆಯಬೇಕು. ಬರುವ ಚಿತ್ರ ಸೊಟ್ಟಪಟ್ಟ. ತರಗತಿ ಪೂರ್ತಿ ನಗು. ಆದರೆ ಆ ಸೊಟ್ಟ ಗೆರೆಯಲ್ಲಿ ಎಲೆಯ ಹಲ್ಲು, ಹುಳು ತಿಂದ ಮೂಲೆ, ತುದಿಯ ಬಾಗು ಎಲ್ಲ ಇರುತ್ತದೆ. ನಾವು ನೆನಪಿನಿಂದ ಬಿಡಿಸುವ ಚಂದದ ಎಲೆಯಲ್ಲಿ ಅದ್ಯಾವುದೂ ಇರುವುದಿಲ್ಲ.

ಆಮೇಲೆ ದಾಸವಾಳ ಬಂತು. ಇಷ್ಟು ವರ್ಷ ನೀರು ಹಾಕಿದ ಗಿಡ ಅದು. ಬಿಡಿಸಲು ಕೂತಾಗಲೇ ಗೊತ್ತಾಗಿದ್ದು, ಒಂಟಿ ಸುತ್ತಿನ ದಾಸವಾಳದ ಐದೂ ಎಸಳುಗಳು ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಸುತ್ತ ತಿರುಗಿಕೊಂಡಿರುತ್ತವೆ. ನಡುವೆ ಹೊರಗೆ ಚಾಚಿದ ಕೋಲಿನ ತುದಿಯಲ್ಲಿ ಐದು ಪುಟ್ಟ ಗುಂಡುಗಳಿರುತ್ತವೆ. ಆ ಹೂವು ಸಾಮಾನ್ಯವಾಗಿ ಒಂದೇ ದಿನ ಇರುವುದರಿಂದ ಮೊದಲು ಅದನ್ನೇ ಬಿಡಿಸಿಬಿಡಬೇಕು. ಆಮೇಲೆ ಮೊಗ್ಗು, ಆಮೇಲೆ ಎಲೆ, ಕೊನೆಗೆ ಕಾಂಡ. ಯಾವುದು ಬೇಗ ಬದಲಾಗುತ್ತದೋ ಅದಕ್ಕೆ ಮೊದಲ ಸರದಿ. ಬೆಳಕು ಎಡಗಡೆ ಮೇಲಿನಿಂದ ಬೀಳಬೇಕು ಅನ್ನುವುದು ಸಸ್ಯಚಿತ್ರಗಳಲ್ಲಿ ಹಳೆಯ ರೂಢಿ. ಬಲಗೈಯವರಿಗೆ ಕೈಯ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ. ಎಡಗೈಯವರು ದೀಪವನ್ನು ಬಲಗಡೆಗೆ ಇಟ್ಟುಕೊಂಡರೆ ಆಕಾಶ ಬೀಳುವುದಿಲ್ಲ.

ನಮ್ಮ ಕಡೆಗೇ ಮುಖ ಮಾಡಿ ಬಾಗಿರುವ ಎಲೆ ಬಿಡಿಸುವುದು ಎಲ್ಲರಿಗೂ ಕಷ್ಟ. ಅದಕ್ಕೆ ಟೀಚರ್ ಕೊಟ್ಟ ಉಪಾಯ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಮೊದಲು ಎಲೆಯ ನಡುವಿನ ನರದ ಗೆರೆ ಮಾತ್ರ ಎಳೆಯಿರಿ. ಅದು ಎಲ್ಲಿ ಮಡಿಚಿ ಮರೆಯಾಗುತ್ತದೆ, ಎಲ್ಲಿ ಮತ್ತೆ ಕಾಣುತ್ತದೆ ನೋಡಿ. ಆ ಗೆರೆ ಸರಿ ಬಂದರೆ ಅಂಚು ತಾನಾಗಿ ಕೂರುತ್ತದೆ.

ಚಿತ್ರದ ತರಗತಿ ನನ್ನ ತೋಟಕ್ಕೆ ಮಾಡಿದ ಉಪಕಾರ ಇಲ್ಲಿಂದ ಶುರು. ಕಾಂಡ ಬಿಡಿಸುವಾಗ ಗೆಣ್ಣುಗಳನ್ನು ಬಿಡಲು ಆಗುವುದಿಲ್ಲ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಒಂದು ಚಿಕ್ಕ ಮೊಗ್ಗು ಇರುತ್ತದೆ. ಅದು ಮುಂದೆ ಕೊಂಬೆಯಾಗಬಹುದು. ದಾಸವಾಳದಲ್ಲಿ ಎಲೆಗಳು ಒಂದಾದ ಮೇಲೊಂದು ಬದಲಿ ಬದಲಿ ದಿಕ್ಕಿಗೆ ಬರುತ್ತವೆ. ಬಣ್ಣಬಣ್ಣದ ಎಲೆಯ ಕೋಲಿಯಸ್ ಗಿಡದಲ್ಲಿ ಜೋಡಿಯಾಗಿ ಎದುರು ಬದುರು. ಮೇಲಿನ ಜೋಡಿ ಕೆಳಗಿನದಕ್ಕೆ ಅಡ್ಡಲಾಗಿರುತ್ತದೆ. ಕೋಲಿಯಸ್ ಕಾಂಡ ದುಂಡಗಿಲ್ಲ, ಚೌಕ. ಬೆರಳಲ್ಲಿ ಉರುಳಿಸಿ ನೋಡಿ, ಮೂಲೆಗಳು ತಾಗುತ್ತವೆ.

ಇಷ್ಟು ಕಂಡ ಮೇಲೆ ಕತ್ತರಿ ಹಿಡಿಯುವ ರೀತಿಯೇ ಬೇರೆ ಆಗುತ್ತದೆ. ಗಿಡ ಸವರುವಾಗ ಗೆಣ್ಣಿನ ಸ್ವಲ್ಪ ಮೇಲೆ, ಹೊರಮುಖವಾಗಿರುವ ಮೊಗ್ಗು ನೋಡಿ ಕತ್ತರಿಸುತ್ತೇನೆ. ಹೊಸ ಕೊಂಬೆ ಗಿಡದ ಒಳಗೆ ನುಗ್ಗದೆ ಹೊರಕ್ಕೆ ಹೋಗುತ್ತದೆ. ಅದೇ ಕಟಿಂಗ್ ನೆಡಬೇಕಾದರೆ ಗೆಣ್ಣಿನ ಸ್ವಲ್ಪ ಕೆಳಗೆ. ಬಹಳ ಗಿಡಗಳಲ್ಲಿ ಬೇರು ಅಲ್ಲಿಂದ ಸುಲಭವಾಗಿ ಬರುತ್ತದೆ. ತುದಿ ಚಿವುಟಿದರೆ ಗಿಡ ಪೊದೆಯಾಗುವುದು ಯಾಕೆ ಅನ್ನುವುದೂ ಆಗಲೇ ಅರ್ಥವಾಯಿತು. ತುದಿಯ ಚಿಗುರಿನಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಹೋದರೆ ಆ ತಡೆ ಸಡಿಲವಾಗುತ್ತದೆ.

ತೋಟಗಾರಿಕೆ ತರಗತಿಯಿಂದ ಒಂದು ಪ್ರಯೋಗ ಮಾತ್ರ ಇಲ್ಲಿ ಹೇಳುತ್ತೇನೆ, ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಮೇಷ್ಟ್ರು ಒಂದು ಉದ್ದನೆಯ ಸ್ಪಂಜನ್ನು ನೀರಲ್ಲಿ ನೆನೆಸಿ ಅಡ್ಡಡ್ಡ ಹಿಡಿದರು. ತೊಟ್ಟಿಕ್ಕಿ ತೊಟ್ಟಿಕ್ಕಿ ನಿಂತಿತು. ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರು. ಮತ್ತೆ ನೀರು ಸುರಿಯಿತು! ಮಣ್ಣು ತನ್ನ ತಳದಲ್ಲಿ ಸ್ವಲ್ಪ ನೀರನ್ನು ಹಿಡಿದೇ ಇಟ್ಟುಕೊಳ್ಳುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ಎತ್ತರದ ಕುಂಡ, ಹಗುರವಾದ ಮಣ್ಣು, ಸರಿಯಾದ ತೂತು, ಇವು ಮುಖ್ಯ. ಆ ಸ್ಪಂಜು ನೋಡಿದ ಮೇಲೆ ನಾನು ಜಲ್ಲಿ ಹುಡುಕಿಲ್ಲ.

ಬಣ್ಣದ ಪಾಠ ಕೊನೆಗೂ ಬಂತು. ಅದರಲ್ಲಿ ಬಹಳ ಹೊತ್ತು ಹೋದದ್ದು ಹಸಿರಿಗೆ. ಟ್ಯೂಬಿನ ಹಸಿರನ್ನು ಹಾಗೇ ಹಚ್ಚಿದರೆ ಎಲೆ ಪ್ಲಾಸ್ಟಿಕ್ ತರಹ ಕಾಣುತ್ತದೆ. ಲೆಮನ್ ಯೆಲ್ಲೋ ಜೊತೆ ಥ್ಯಾಲೋ ಬ್ಲೂ ಬೆರೆಸಿದರೆ ಹೊಳೆಯುವ ಎಳೆ ಹಸಿರು ಬರುತ್ತದೆ. ಅದೇ ಹಳದಿಗೆ ಅಲ್ಟ್ರಾಮರೀನ್ ಎಂಬ ಇನ್ನೊಂದು ನೀಲಿ ಬೆರೆಸಿದರೆ ಮಂಕಾದ, ಬಲಿತ ಎಲೆಯ ಹಸಿರು. ಅಲ್ಟ್ರಾಮರೀನ್‌ನಲ್ಲಿ ಸ್ವಲ್ಪ ಕೆಂಪಿನ ಛಾಯೆ ಇರುವುದೇ ಕಾರಣ. ಯಾವ ಹಸಿರು ಜಾಸ್ತಿ ಕಿರುಚುತ್ತಿದ್ದರೂ ಬ್ರಶ್ಶಿನ ತುದಿಯಷ್ಟು ಕೆಂಪು ಸಾಕು, ತಣ್ಣಗಾಗುತ್ತದೆ. ಕಾಗದ ಮಾತ್ರ ದಪ್ಪ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ಇರಲಿ. ತೆಳು ಕಾಗದ ನೀರು ಬಿದ್ದ ಕೂಡಲೇ ಸುರುಟಿಕೊಳ್ಳುತ್ತದೆ.

ಬಣ್ಣಗಳನ್ನು ಅಕ್ಕಪಕ್ಕ ಇಡುವ ವಿಷಯ ತೋಟಕ್ಕೂ ಬಂತು. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರೆಲ್ ಒಂದು ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ. ಅಲ್ಲಿನ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂತು. ಹುಡುಕಿ ನೋಡಿದರೆ ತಪ್ಪು ಕಪ್ಪು ಬಣ್ಣದ್ದಲ್ಲ, ಅದರ ಪಕ್ಕದಲ್ಲಿದ್ದ ಬಣ್ಣಗಳದ್ದು. 1839ರಲ್ಲಿ ಅವನು ಇದನ್ನೆಲ್ಲ ಪುಸ್ತಕವಾಗಿ ಬರೆದ. ಇಂಗ್ಲೆಂಡಿನ ಗರ್ಟ್ರೂಡ್ ಜೆಕಿಲ್ ಇನ್ನೊಂದು ಉದಾಹರಣೆ. 1861ರಲ್ಲಿ ಚಿತ್ರಕಲೆ ಕಲಿಯಲು ಸೇರಿದವಳು, ದೃಷ್ಟಿ ಕುಂದುತ್ತಾ ಬಂದಂತೆ ತೋಟ ವಿನ್ಯಾಸದ ಕಡೆ ಹೊರಳಿದಳು. ಉದ್ದನೆಯ ಹೂಪಟ್ಟಿಯ ಎರಡೂ ತುದಿಗೆ ನೀಲಿ, ಬೂದು ಛಾಯೆಯ ಗಿಡಗಳು, ನಡುವೆ ಕೆಂಪು ಕಿತ್ತಳೆಯ ಬೆಂಕಿ. ಹೀಗೆ ಬಣ್ಣ ಹಚ್ಚಿದಂತೆ ನೆಡುತ್ತಿದ್ದಳು. ಅಷ್ಟು ಜಾಗ ನನಗೆಲ್ಲಿ? ಆದರೆ ಚೆಂಡುಹೂವಿನ ಕುಂಡದ ಪಕ್ಕ ನೇರಳೆ ಎಲೆಯ ಕೋಲಿಯಸ್ ಇಟ್ಟರೆ ಎರಡೂ ಎದ್ದು ಕಾಣುತ್ತವೆ ಅನ್ನುವುದು ನಾಲ್ಕು ಕುಂಡ ಸರಿಸಿ ನೋಡಿದರೆ ಗೊತ್ತಾಗುತ್ತದೆ. ಕುಂಡಗಳ ದೊಡ್ಡ ಅನುಕೂಲವೇ ಅದು, ಒರೆಸಿ ಮತ್ತೆ ಬಿಡಿಸಬಹುದು.

ತರಗತಿ ಮುಗಿದ ಮೇಲೆ ಸಾಮಾನ್ಯವಾಗಿ ಎಲ್ಲ ನಿಂತುಹೋಗುತ್ತದೆ. ನಮ್ಮದು ನಿಲ್ಲದ್ದು ನಾಲ್ಕೈದು ಜನ ಸೇರುವುದನ್ನು ಬಿಡದೇ ಇದ್ದದ್ದರಿಂದ. ಎಲ್ಲರೂ ಚಿತ್ರ ಬಿಡಿಸುವವರೇ ಅಲ್ಲ. ಒಬ್ಬಳು ಬಟ್ಟೆ ಹೊಲಿಯುತ್ತಾಳೆ, ಒಬ್ಬಳು ಜೇಡಿಮಣ್ಣಿನ ಕೆಲಸ ಮಾಡುತ್ತಾಳೆ, ಒಬ್ಬಳ ಕೈಯಲ್ಲಿ ಯಾವ ಗಿಡವೂ ಉಳಿಯುವುದಿಲ್ಲ. ಆದರೆ ಒಣಗಿದ ಬೀಜದ ಕೋಡುಗಳನ್ನು ಅವಳಷ್ಟು ಚೆನ್ನಾಗಿ ಬಿಡಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಒಂದೇ ರೆಂಬೆ ನಡುವೆ ಇಟ್ಟು ಎಲ್ಲರೂ ಸುತ್ತ ಕೂರುತ್ತೇವೆ. ಹೂವೇ ಬಿಡಿಸಬೇಕು ಅಂತಿಲ್ಲ. ಎಲೆಯಲ್ಲಿ ಹುಳು ಕಂಡರೆ ಹುಳು. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಕಲಾವಿದೆ ಕಂಬಳಿಹುಳು, ಅದರ ಗೂಡು, ಚಿಟ್ಟೆ, ಹುಳು ತಿನ್ನುವ ಗಿಡ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬಿಡಿಸುತ್ತಿದ್ದಳು. ಅದಕ್ಕಾಗಿಯೇ 1699ರಲ್ಲಿ, 52ರ ವಯಸ್ಸಿನಲ್ಲಿ, ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿದ್ದಳು. ಇದನ್ನು ಕೇಳಿದ ಮೇಲೆ ನಮ್ಮಲ್ಲೊಬ್ಬಳು ಹುಳು ಕಂಡ ಕೂಡಲೇ ಕಿತ್ತೆಸೆಯುವುದನ್ನು ಬಿಟ್ಟಿದ್ದಾಳೆ. ಮೊದಲು ಬಿಡಿಸುತ್ತಾಳೆ, ಆಮೇಲೆ ಎಸೆಯುತ್ತಾಳೆ.

ಚಿತ್ರ ನೋಡಿ "ತುಂಬಾ ಚೆನ್ನಾಗಿದೆ" ಅನ್ನುವುದನ್ನು ನಾವು ನಿಲ್ಲಿಸಿದ್ದೇವೆ. ಆ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. "ನನ್ನ ಕಣ್ಣು ಮೊದಲು ಇಲ್ಲಿಗೆ ಹೋಯಿತು" ಅಂತ ಬೆರಳು ತೋರಿಸಿ ಹೇಳಬೇಕು. ಆ ಜಾಗ ಬಿಡಿಸಿದವಳು ಅಂದುಕೊಂಡ ಜಾಗವೇ ಆಗಿದ್ದರೆ ಸರಿ, ಇಲ್ಲದಿದ್ದರೆ ಎಲ್ಲಿ ಗಾಢ ಮಾಡಬೇಕು ಅಂತ ಅವಳಿಗೇ ಹೊಳೆಯುತ್ತದೆ.

ಮಣ್ಣಿನ ಕೆಲಸದವಳು ಒಮ್ಮೆ ತಂದ ಕುಂಡಗಳು ನೋಡಲು ಬಹಳ ಸೊಗಸಾಗಿದ್ದವು. ನಾನು ಎತ್ತಿ ತಳ ನೋಡಿದೆ. "ತೂತು ಎಲ್ಲೇ ಮಾರಾಯ್ತಿ?" "ಅದಿದ್ರೆ ನೀರು ಸೋರಲ್ವಾ?" "ಸೋರಲಿ ಅಂತಲೇ!" ಆಮೇಲೆ ತೂತಿನ ಅಳತೆಗೂ ಮಾತು ಬೆಳೆಯಿತು. ಜೇಡಿಮಣ್ಣು ಒಣಗಿ ಸುಟ್ಟು ಬರುವಷ್ಟರಲ್ಲಿ ಮಣ್ಣಿನ ಜಾತಿಯ ಮೇಲೆ ಶೇ 10ರ ಆಸುಪಾಸು ಕುಗ್ಗುತ್ತದೆ. ಆದ್ದರಿಂದ ಹಸಿಯಲ್ಲೇ ದೊಡ್ಡ ತೂತು ಮಾಡಬೇಕು ಅಂತ ನನಗೆ ಅವಳು ಕಲಿಸಿದಳು. ಈಗ ಗಿಡದ ಹೆಸರಿನ ಬಿಲ್ಲೆಗಳನ್ನೂ ಅವಳೇ ಮಾಡುತ್ತಾಳೆ. ಎಲೆಯ ಹಿಂಭಾಗ ಮಣ್ಣಿಗೆ ತಾಗುವಂತೆ ಇಟ್ಟು ಲಟ್ಟಣಿಗೆ ಉರುಳಿಸಿದರೆ ನರಗಳೆಲ್ಲ ಅಚ್ಚಾಗಿ ಮೂಡುತ್ತವೆ. ಮೇಲ್ಭಾಗ ತಾಗಿಸಿದರೆ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ.

ಬಟ್ಟೆಗೆ ಹಾಕಲು ಹೂವಿನಿಂದ ಬಣ್ಣ ಕಾಯಿಸುವುದು ಹೊಲಿಗೆಯವಳ ಹಟ. ಅರಳಿ ಬಾಡಿದ ಚೆಂಡುಹೂವನ್ನು ಎಸೆಯದೆ ಒಣಗಿಸಿಡುತ್ತೇನೆ. ಹತ್ತಿ ಬಟ್ಟೆಯನ್ನು ಚೆನ್ನಾಗಿ ಒಗೆದು, ಅಳಲೆಕಾಯಿ ಪುಡಿಯ ನೀರಲ್ಲಿ ನೆನೆಸಿ, ಆಮೇಲೆ ಪಟಿಕದ ನೀರಲ್ಲಿ ಅದ್ದಬೇಕು. ಪಟಿಕ ಬಟ್ಟೆಯ ತೂಕದ ಶೇ 15ರಷ್ಟು ಹಾಕುತ್ತೇವೆ. ಅಳಲೆಕಾಯಿಯ ಒಗರು ಇಲ್ಲದಿದ್ದರೆ ಹತ್ತಿಗೆ ಪಟಿಕ ಸರಿಯಾಗಿ ಹತ್ತುವುದಿಲ್ಲ. ಹೂವಿನ ನೀರಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಗಟ್ಟಿ ಹಳದಿ. ಚೂರು ಕಬ್ಬಿಣದ ಅಂಶ ಬೆರೆತರೆ ಅದೇ ಹಳದಿ ಪಾಚಿ ಹಸಿರಿಗೆ ತಿರುಗುತ್ತದೆ. ಈ ಪಾತ್ರೆಗಳಲ್ಲಿ ಮತ್ತೆ ಅಡುಗೆ ಮಾಡಬಾರದು. ಶಂಖಪುಷ್ಪದ ನೀಲಿ ಮಾತ್ರ ನಂಬಬೇಡಿ. ಹುಳಿ ಬಿದ್ದರೆ ನೇರಳೆ, ಬಿಸಿಲು ಬಿದ್ದರೆ ಮಾಯ. ಆಟಕ್ಕೆ ಸರಿ, ಬಟ್ಟೆಗೆ ಬೇಡ.

ಉಳಿಯುವ ನೀಲಿ ಬೇಕೆಂದರೆ ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಅಚ್ಚು ತೆಗೆಯುವುದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಮಾರನೆಯ ವರ್ಷವೇ ಅಲ್ಲಿನ ಸಸ್ಯವಿಜ್ಞಾನಿ ಅನ್ನಾ ಅಟ್ಕಿನ್ಸ್ ಸಮುದ್ರಪಾಚಿಗಳನ್ನು ಇದರಲ್ಲಿ ಅಚ್ಚು ಮಾಡತೊಡಗಿದಳು. 100 ಎಂಎಲ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಎಂಎಲ್‌ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸೈನೈಡ್. ಎರಡನ್ನೂ ಸಮ ಸಮ ಬೆರೆಸಿ, ಮಂದ ಬೆಳಕಿನ ಕೋಣೆಯಲ್ಲಿ ಕಾಗದಕ್ಕೆ ಬಳಿದು ಅಲ್ಲೇ ಒಣಗಿಸಬೇಕು. ಕೈಗೆ ಗ್ಲೌಸ್ ಇರಲಿ, ಆಸಿಡ್‌ಗಳು ಹತ್ತಿರ ಇರದಿರಲಿ. ಒಣಗಿದ ಕಾಗದದ ಮೇಲೆ ಜರಿಗಿಡದ ಎಲೆ ಇಟ್ಟು ಗಾಜು ಮುಚ್ಚಿ ಬಿಸಿಲಿಗೆ. ಹಳದಿ ಹಸಿರು ಕಾಗದ ಬೂದು ಕಂಚಿನ ಬಣ್ಣಕ್ಕೆ ಬಂದಾಗ ನೀರಲ್ಲಿ ತೊಳೆಯಬೇಕು. ಬಿಸಿಲು ತಾಗಿದ್ದೆಲ್ಲ ಕಡು ನೀಲಿ, ಎಲೆ ಇದ್ದ ಜಾಗ ಬಿಳಿ. ಗಡಿಬಿಡಿ ಮಾಡಿ ಬೇಗ ತೊಳೆದರೆ ನೀಲಿ ಹರಿದುಹೋಗುತ್ತದೆ. ತೆಳುವಾದ, ಚಪ್ಪಟೆ ಎಲೆ ಆರಿಸಿಕೊಳ್ಳಿ. ದಪ್ಪ ಹೂವಾದರೆ ಗಾಜು ಎತ್ತಿಕೊಂಡು ಅಂಚಿನಲ್ಲಿ ಬೆಳಕು ನುಗ್ಗಿ ಚಿತ್ರ ಮಸುಕಾಗುತ್ತದೆ.

ಇಷ್ಟೆಲ್ಲ ಮಾಡುವವರು ಒಂದು ಪ್ರದರ್ಶನ ಇಡಿ, ಮಾರಿ ಅಂತ ಹೇಳುವವರು ಸಿಗುತ್ತಲೇ ಇರುತ್ತಾರೆ. ನಮ್ಮಲ್ಲೂ ಇಬ್ಬರಿಗೆ ಆಸೆ ಇದೆ. ನನಗಿಲ್ಲ. ಮಾರಬೇಕು ಅಂತಾದರೆ ಎಲ್ಲರೂ ಚೆನ್ನಾಗಿ ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಾರೆ, ಸೊಟ್ಟ ಗೆರೆಗೆ ಜಾಗ ಇರುವುದಿಲ್ಲ. ಈ ವಾದ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಸ್ಕೆಚ್ ಪುಸ್ತಕ ಅದಲು ಬದಲು ಮಾಡಿಕೊಳ್ಳುತ್ತಿದ್ದೇವೆ. ನನ್ನ ಪುಸ್ತಕ ಇನ್ನೊಬ್ಬರ ಮನೆಗೆ ಹೋಗುತ್ತದೆ, ಅವರು ತಮ್ಮ ಗಿಡವೊಂದನ್ನು ಅದರಲ್ಲಿ ಬಿಡಿಸಿ, ಆ ಗಿಡದ ಒಂದು ಕಟಿಂಗ್ ಜೊತೆ ವಾಪಸು ಕೊಡಬೇಕು. ಈ ಸಲ ಅದು ಗಿಡ ಉಳಿಸಲಾರದವಳ ಹತ್ತಿರ ಇದೆ. ಕಟಿಂಗ್ ಎಲ್ಲಿಂದ ತರುತ್ತೀಯ ಅಂತ ಕೇಳಿದರೆ, "ಬೀಜ ಕೊಡ್ತೀನಿ, ನೀನೇ ಬೆಳೆಸ್ಕೋ" ಅನ್ನುತ್ತಿದ್ದಾಳೆ.